ಇಲಿಮನೆಯ ಭುಜಂಗಣ್ಣ

ಬೇಲಾಪುರದ ಗುಡ್ಡಕ್ಕೆ ಇನ್ನೂ ಬೆಳಕು ಹತ್ತಿಲ್ಲ. ಸಂಶೋಧನಾ ಸಂಸ್ಥೆಯ ಇಲಿಮನೆಯಲ್ಲಿ ಭುಜಂಗ ಶೇರಿಗಾರರು ಮಾಸ್ಕ್ ಕಟ್ಟಿಕೊಂಡು ಪಂಜರಗಳ ಮರದ ಹೊಟ್ಟು ಬದಲಿಸುತ್ತಿದ್ದಾರೆ. "ಎಂತ ಮಾರಾಯಾ, ನಿದ್ದೆ ಬಂತಾ?" ಎಂದು ಇಲಿಯೊಂದನ್ನು ವಿಚಾರಿಸುತ್ತಾರೆ. ಅದರ ಒಂದು ಮುಂಗಾಲು ಜೋತುಬಿದ್ದಿದೆ. ಇಲಿಗೆ ಬೇಕೆಂದೇ ಪಾರ್ಶ್ವವಾಯು ಬರಿಸಿ, ಸ್ಟೆಮ್ ಸೆಲ್ ಎಂಬ ಕೋಶಗಳನ್ನು ಚುಚ್ಚಿ, ಕಾಲು ಚೇತರಿಸೀತೇ ಎಂದು ನೋಡುವ ಪ್ರಯೋಗವಿದು. ವರದಿಯಲ್ಲಿ ವಿಜ್ಞಾನಿಗಳ ಹೆಸರಿರುತ್ತದೆ. ಪಂಜರ ತೊಳೆದವರನ್ನು ಯಾರು ಕೇಳುತ್ತಾರೆ?

ಉಡುಪಿ ಕಡೆಯ ಭುಜಂಗಣ್ಣ ಡೊಂಬಿವಲಿಯ ಹೋಟೆಲಿನಲ್ಲಿ ಸಾಂಬಾರು ಕಾಯಿಸಿಯೇ ಪ್ರಾಯ ಕಳೆದವರು. 2012ರಲ್ಲಿ ಹೆಂಡತಿ ಪ್ರಫುಲ್ಲಾಗೆ ಸ್ಟ್ರೋಕ್ ಬಡಿದು ಬಲಗೈ ಸೋತಿತು. ಅಂದಿನಿಂದ ದಿನವಿಡೀ ದುಡಿಯುವ ಹೋಟೆಲು ಬಿಟ್ಟು, ಮಧ್ಯಾಹ್ನಕ್ಕೆ ಮುಗಿಯುವ ಈ ಕೆಲಸ ಹಿಡಿದರು. ಇಲ್ಲಿ ಹುಡುಕುತ್ತಿರುವುದು ಅವಳ ಕಾಯಿಲೆಗೇ ಮದ್ದು ಎಂದು ತಿಳಿದ ದಿನ ಮನೆಗೆ ಪೇಡೆ ಒಯ್ದಿದ್ದರಂತೆ.

ಅವಸರ ಬೇಡ ಎಂದವರು ವಿಜ್ಞಾನಿ ಪ್ರಿಯಂವದಾ. ರಕ್ತಕ್ಕೂ ಮಿದುಳಿಗೂ ನಡುವೆ ತಡೆಗೋಡೆಯಿದೆ, ರಕ್ತನಾಳಕ್ಕೆ ಕೊಟ್ಟ ಕೋಶಗಳಲ್ಲಿ ಅದನ್ನು ದಾಟುವವು ತೀರಾ ಕಡಿಮೆ. "ಹೋಟೆಲಿನ ಅಡುಗೆಕೋಣೆಗೆ ಗಿರಾಕಿಯನ್ನು ಬಿಡ್ತೇವಾ? ಮಿದುಳೂ ಹಾಗೇ ಅಂತೆ. ಆದ್ರೆ ಮದ್ದು ಒಳಗೆ ಹೋಗದಿದ್ರೆ ಇವಳಿಗೆ ಗುಣ ಆಗುದು ಹೇಗೆ?" ಎನ್ನುತ್ತಾರೆ ಭುಜಂಗಣ್ಣ.

ಆ ಆಸೆಗೆ ಒಮ್ಮೆ ಅವರೇ ಕಲ್ಲು ಹಾಕಿಕೊಂಡರು. ಸೋತ ಕಾಲು ಚಾಚಿ ಕಾಳು ಎತ್ತುವುದೇ ಇಲಿಗಳಿಗೆ ಪರೀಕ್ಷೆ. ಎಟುಕದೆ ಒದ್ದಾಡುವುದನ್ನು ನೋಡಲಾರದೆ, ಭುಜಂಗಣ್ಣ ದಿನಾ ಬೆಳಿಗ್ಗೆ ಕಾಳು ನೆನೆಸಿ, ಗಂಜಿಯ ಹಾಗೆ ಕಲಸಿ ಬಾಯಿಗಿಟ್ಟರು. ಹೊಟ್ಟೆ ತುಂಬಿದ ಇಲಿಗಳು ಕಾಲು ಚಾಚಲೇ ಇಲ್ಲ. ಮದ್ದು ಹಿಡಿಯಲಿಲ್ಲವೆಂದು ಎಲ್ಲರೂ ಕಂಗಾಲಾದಾಗ ತಾವೇ ಹೋಗಿ ಒಪ್ಪಿಕೊಂಡರು. ತಿಂಗಳುಗಳ ಪ್ರಯೋಗ ಕಸದ ಬುಟ್ಟಿ ಸೇರಿತು. "ಹಸಿದವನ ಎದುರು ಖಾಲಿ ಎಲೆ ಇಟ್ಟು ನಮಗೆ ಅಭ್ಯಾಸ ಇಲ್ಲ. ಮೇಡಂ ಬೈಲಿಲ್ಲ. ಬೈದಿದ್ರೆ ಒಳ್ಳೇದಿತ್ತು."

ಈಗ ಕಾಳಿಟ್ಟು ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ.

ಮಧ್ಯಾಹ್ನ, ಕಾಮೋಠೆಯ ಮನೆ. ಪ್ರಫುಲ್ಲಾ ಬಲಗೈಯಲ್ಲೇ ಉಣ್ಣಲು ಹೆಣಗಬೇಕೆಂದು ಡಾಕ್ಟರು ಹೇಳಿದ್ದಾರೆ. ತುತ್ತು ತಟ್ಟೆ ಬಿಟ್ಟೇಳುತ್ತದೆ, ನಡುಗುತ್ತದೆ, ಸೀರೆಯ ಮೇಲೆ ಬೀಳುತ್ತದೆ. ಪ್ರಫುಲ್ಲಾರ ಕಣ್ಣು ತುಂಬುತ್ತದೆ. ಭುಜಂಗಣ್ಣ ಗೋಡೆಯ ಕಡೆ ತಿರುಗುತ್ತಾರೆ. ತಡೆಯಲಾರದೆ ಮರಳಿ ಬಂದು, ಅನ್ನ ಕಲಸಿ ಬಾಯಿಗಿಡುತ್ತಾರೆ.

"ಇಲಿಗೆ ತಿನ್ನಿಸಬಾರ್ದು ಅಂತ ಕಲಿತೆ," ಎನ್ನುತ್ತಾರೆ ಕೈ ತೊಳೆಯುತ್ತ. "ಇವಳಿಗೆ ತಿನ್ನಿಸದೆ ಇರ್ಲಿಕ್ಕೆ ಇನ್ನೂ ಬರ್ಲಿಲ್ಲ. ಒಂದು ದಿನ ಆ ಬಲಗೈಯಲ್ಲೇ ನನ್ನ ಕೈಯನ್ನು ಆಚೆ ದೂಡಿದ್ರೆ ಸಾಕು."