ಬಿ ಸೈಡಿನಲ್ಲಿರುವ ಮಗ್ಗ

ನಾರಾಯಣಪೇಟೆಯ ಶಿವುವಿನ ಮನೆಯಲ್ಲಿ, ಮಗ್ಗದ ಕೋಣೆಯ ಹೊಸ್ತಿಲಿಗೆ ಬೆನ್ನು ಮಾಡಿ ನಾನು ನಿಂತಿದ್ದೆ. ಶ್ರಾವಣಕ್ಕೆ ಮುಂಚಿನ ಒಂದು ಮಧ್ಯಾಹ್ನ, ಊಟವಾದ ಹೊತ್ತು. ಕಿಟಕಿಯಿಂದ ಬೆಳಕು ಚೆನ್ನಾಗಿಯೇ ಬೀಳುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇಂಥ ಕಥೆ ಹೇಳುವವರನ್ನು ಅಡ್ಡಪ್ರಶ್ನೆ ಕೇಳಿ ನಗುತ್ತಿದ್ದವನು ನಾನು.

ನಮ್ಮದು ಮೂವರ ರಾಕ್ ಬ್ಯಾಂಡ್. ಶಿವು ಡ್ರಮ್ಸ್, ಮಕ್ತಲದ ಅಫ್ಜಲ್ ಗಿಟಾರು ಮತ್ತು ಹಾಡು, ನಾನು ಬೇಸ್ ಮತ್ತು ರೆಕಾರ್ಡಿಂಗ್. ಹಳೆಯ ಕಾಲದವರಂತೆ ಎರಡು ಬದಿಯ ಸಣ್ಣ ರೆಕಾರ್ಡ್ ಒತ್ತಿಸುವ ಹುಚ್ಚು ನಮಗೆ. ಮುಂದಿನ ಬದಿಯ ಹಾಡು ಸಿದ್ಧವಿತ್ತು, ಹಿಂದಿನದಕ್ಕೆ, ಅಂದರೆ ಬಿ ಸೈಡಿಗೆ, ಏನೂ ಇರಲಿಲ್ಲ.

ಶಿವುವಿನ ತಂದೆ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ ಒಂದೇ ಹಾಸಿನಲ್ಲಿ ಎಂಟು ಸೀರೆ ಹೂಡುವುದು ಇಲ್ಲಿಯ ಪದ್ಧತಿ. ಅವರು ಹೂಡಿದ್ದರಲ್ಲಿ ಕೊನೆಯದು ಅರ್ಧಕ್ಕೇ ನಿಂತಿತ್ತು. ತೀರಿಹೋದವರು ಹೂಡಿದ ಹಾಸನ್ನು ಕತ್ತರಿಸಬಾರದು, ಮನೆಯವರೇ ನೇಯ್ದು ಮುಗಿಸಬೇಕು ಎಂಬುದು ಆ ಮನೆಯ ನಡಾವಳಿ. ಶಿವು ನೇಯ್ಗೆ ಕಲಿತಿರಲಿಲ್ಲ. ಗದ್ವಾಲದಲ್ಲಿರುವ ಆ ಮನೆಯ ಅಳಿಯ ವಾರದೊಳಗೆ ಬಂದು, ಹಾಸು ಕತ್ತರಿಸಿ ಮಗ್ಗ ಒಯ್ಯುವವನಿದ್ದ.

"ಡಬ್ಬಾ ಬಡಿಯಾಕ ಕೈ ಬರ್ತಾವ, ಅಪ್ಪನ ಸೀರಿ ಮುಗಿಸಾಕ ಬರಂಗಿಲ್ಲೇನು?" ಎಂದರು ಅವನ ತಾಯಿ ಲಕ್ಷ್ಮಮ್ಮ.

"ಕೆಟ್ಟ್ರ ನೀನ ಬೈತಿ, ಬ್ಯಾಡಬೇ."

ಅಫ್ಜಲ್ ನಡುವೆ ಬಾಯಿ ಹಾಕಿದ. "ಬರೇ ಸದ್ದು ಮಾಡಲಿ ಬಿಡ್ರಿ ಅಮ್ಮಾ. ನಮಗ ತಾಳ ಸಿಕ್ಕಂಗ ಆಗ್ತೈತಿ."

"ಮಾಡಲಿ. ನೇಯ್ಗಿ ಕೆಡಬಾರದು, ನೂಲಿನ ಲಾಳಿ ಮಾತ್ರ ನನ್ನ ಉಡಿಯಾಗ ಇರ್ತೈತಿ."

ಶಿವು ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು, ನೂಲನ್ನು ಒತ್ತಿ ಕೂಡಿಸುವ ಹಣಿಗೆಯನ್ನು ಒಂದೇ ಸಮನೆ ಬಡಿಯತೊಡಗಿದ. ನಾನು ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡ್ ಮಾಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕಾಲು ಹಿಡಿದುಕೊಂಡಿತೆಂದು ಅವನು ಎದ್ದು ನನ್ನ ಪಕ್ಕಕ್ಕೆ ಬಂದು ನಿಂತ.

ಸದ್ದು ನಿಲ್ಲಲಿಲ್ಲ.

ಯಂತ್ರದ ದೋಷವೆಂದು ಹೆಡ್‌ಫೋನ್ ತೆಗೆದೆ. ಕೋಣೆಯಲ್ಲೂ ಅದೇ ಸದ್ದು. ಗುಂಡಿ ಖಾಲಿಯಿತ್ತು. ಹಣಿಗೆ ಅಲುಗುತ್ತಿರಲಿಲ್ಲ, ಒಂದು ಎಳೆಯೂ ನಡುಗುತ್ತಿರಲಿಲ್ಲ. ತಾಳ ಮಾತ್ರ ಬದಲಾಗಿತ್ತು: ಒಂದು ಪೆಟ್ಟು ಗಟ್ಟಿ, ಮುಂದಿನದು ಎಳೆದು ತಂದ ಹಾಗೆ ತಡ. ಶಿವು ನನ್ನ ತೋಳು ಹಿಡಿದುಕೊಂಡ. "ಅಪ್ಪನ ಎಡಗಾಲು," ಎಂದ. ಅವನ ತಂದೆಯ ಎಡಗಾಲು ಸೋತಿದ್ದುದು, ಅವರು ತುಳಿಯುವಾಗ ಮಗ್ಗ ಕುಂಟುತ್ತಾ ನುಡಿಯುತ್ತಿದ್ದುದು ಓಣಿಗೆಲ್ಲ ಗೊತ್ತಿತ್ತು.

ಲಕ್ಷ್ಮಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡರು. ಮಗನನ್ನು ನೋಡಿದರು. ಅವನು ಹೂಂ ಎಂದು ತಲೆಯಾಡಿಸಿದ ಮೇಲೆ ಮಗ್ಗದ ಕಡೆ ತಿರುಗಿ, ದಿನವೂ ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದರು: "ಸಾಕು ಮಾಡ್ರಿ. ಹುಡುಗ ಕಲೀತಾನ."

ನಿಂತಿತು.

ಆಮೇಲೆ ವೈರುಗಳನ್ನೆಲ್ಲ ಬಿಚ್ಚಿ ನೋಡಿದೆ. ಪಕ್ಕದ ಮನೆಗಳಿಗೂ ಹೋಗಿ ಬಂದೆ. ಆ ಹೊತ್ತಿನಲ್ಲಿ ಯಾರ ಮಗ್ಗವೂ ನಡೆದಿರಲಿಲ್ಲ. ಅಫ್ಜಲನ ಫೋನಿನಲ್ಲೂ ಅದೇ ತಾಳ ದಾಖಲಾಗಿತ್ತು. ಅದರ ಮೇಲೆಯೇ ಗಿಟಾರು ಕೂರಿಸಿದೆವು. ನಮ್ಮ ಹಾಡುಗಳಲ್ಲಿ ಜನ ಮತ್ತೆ ಮತ್ತೆ ಕೇಳುವುದು ಈ ಬಿ ಸೈಡನ್ನೇ. ಆ ತಾಳವನ್ನು ಹೇಗೆ ಹುಟ್ಟಿಸಿದಿರಿ ಎಂದು ಕೇಳಿದರೆ ಈಗ ನಾನೂ ಇದೇ ಕಥೆ ಹೇಳುತ್ತೇನೆ.

ಕಂಡವರು ಇದ್ದಾರೆ. ಅಫ್ಜಲ್ ಮಕ್ತಲದಲ್ಲಿದ್ದಾನೆ, ಕೇಳಿದರೆ ಮಾತು ಬದಲಿಸುತ್ತಾನೆ. ಶಿವು ಆ ಸೀರೆ ಮುಗಿಸಿದ. ಮಗ್ಗ ಗದ್ವಾಲಕ್ಕೆ ಹೋಗಲಿಲ್ಲ. ಲಕ್ಷ್ಮಮ್ಮ ಅದೇ ಮನೆಯಲ್ಲಿದ್ದಾರೆ. ರೆಕಾರ್ಡಿನಿಂದ ಅವರ ದನಿಯನ್ನು ನಾವು ತೆಗೆದುಹಾಕಿದ್ದೇವೆ. ಆದರೂ ಅವರ ಮುಂದೆ ಯಾರ ಫೋನಿನಲ್ಲಿ ಆ ಹಾಡು ಬಂದರೂ, ಕೊನೆಗೆ ಬರುತ್ತಿದ್ದಂತೆ ಅವರೇ "ಸಾಕು ಮಾಡ್ರಿ" ಎನ್ನುತ್ತಾರೆ. ಆಮೇಲೆಯೇ ಆ ತಾಳ ನಿಲ್ಲುತ್ತದೆ.