ತವರಿಗೆ ಬಂದವಳು ಯಾವ ಮನೆಯವಳು

ಫ್ಲೂ ಲಸಿಕೆ ಯಾವ ಓಣಿಯಲ್ಲಿ ಯಾರಿಗೆ ಮೊದಲು ಬೇಕು, ಕೋವಿಡ್‌ನಂಥದ್ದು ಮತ್ತೆ ಬಂದರೆ ಯಾರ ಬಾಗಿಲನ್ನು ಮೊದಲು ತಟ್ಟಬೇಕು ಎಂದು ತಿಳಿಯುವುದು ನಮ್ಮ ಸಮೀಕ್ಷೆಯ ಕೆಲಸ. ಸ್ವಂತ ಓಣಿಯನ್ನು ಯಾರೂ ಮಾಡಬಾರದೆಂಬ ನಿಯಮವಿತ್ತು. ಹಾಗಾಗಿ ನನಗೆ ವಾಡಿ ಬಂತು. ಚಿತ್ತಾಪುರದ ನಮ್ಮ ಓಣಿ ಸಹೋದ್ಯೋಗಿಯೊಬ್ಬಳ ಪಾಲಾಯಿತು.

ನನ್ನ ಅಕ್ಕನನ್ನು ಕೊಟ್ಟಿರುವುದು ವಾಡಿಗೆ. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ನೆಗಡಿ ಎದೆಗಿಳಿದರೆ ಮಾತಾಡಲೂ ಆಗುವುದಿಲ್ಲ. ಏಳನೇ ತಿಂಗಳ ಕುಬಸ ಮುಗಿಸಿ, ಕೈತುಂಬ ಹಸಿರು ಬಳೆ ತೊಟ್ಟು, ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ಯಾರಿಗೆ ತಪ್ಪಿದರೂ ಅವಳಿಗೆ ಲಸಿಕೆ ತಪ್ಪಬಾರದಿತ್ತು.

ಮನೆಯಲ್ಲಿ ಬಸುರಿಯರಿದ್ದಾರೆಯೇ ಎಂದು ವಾಡಿಯಲ್ಲಿ ಅವಳ ಅತ್ತೆಯನ್ನು ಕೇಳಿದೆ. ಎಲ್ಲರನ್ನೂ ಕೇಳುವ ಪ್ರಶ್ನೆ.

“ಅಕ್ಕನ್ನ ನಿಮ್ಮ ಮನ್ಯಾಗ ಇಟ್ಕೊಂಡು ನನಗ ಕೇಳಾಕತ್ತೀಯಲ್ಲವಾ. ಅಲ್ಲೇ ಬರ್ಕೋ ಹೋಗು.”

ಅದೇ ದಿನ ಚಿತ್ತಾಪುರದಲ್ಲಿ ಅವ್ವ ಸಹೋದ್ಯೋಗಿಗೆ ಹೇಳಿದ್ದಳು: “ನಾವು ಮೂರೇ ಮಂದಿರಿ. ಇಕಿ ನಮ್ಮಾಕಿ ಅಲ್ಲ, ವಾಡಿಯವರ ಸೊಸಿ.” ಚಹಾ ತಂದುಕೊಟ್ಟು, ಏದುಸಿರು ಬಿಡುತ್ತ ಅಲ್ಲೇ ಕುಳಿತವಳು ಅಕ್ಕನೇ.

ಹೀಗೆ ಅಕ್ಕ ಎರಡೂ ಊರಿನ ಪಟ್ಟಿಯಿಂದ ಬಿಟ್ಟುಹೋದಳು. ಸೇಡಂನಿಂದ, ಚಿಂಚೋಳಿಯಿಂದ ತವರಿಗೆ ಬಂದ ಬೇರೆ ಹೆಣ್ಣುಮಕ್ಕಳೂ ಹಾಗೇ ಬಿಟ್ಟುಹೋಗಿದ್ದರು. ಸಭೆಯಲ್ಲಿ ನಮ್ಮ ಮೇಲ್ವಿಚಾರಕರು, “ಈ ಕಡಿ ಬಸುರಿಯರು ಭಾಳ ಕಡಿಮಿ ಅದಾರ, ಚಲೋ ಆತು,” ಎಂದು ಸಮಾಧಾನಪಟ್ಟರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಪ್ರಶ್ನೆಯನ್ನು ಬದಲಿಸಬೇಕು, ನಿನ್ನೆ ರಾತ್ರಿ ಈ ಮನೆಯಲ್ಲಿ ಮಲಗಿದ್ದವರು ಯಾರ‍್ಯಾರೆಂದು ಕೇಳಬೇಕು ಎಂದೆ.

“ಮಂದಿ ಮನಿಗೆ ಹೋಗಿ ಹಂಗ ಕೇಳಿದ್ರ ಚಪ್ಪಲಿ ತಗೋತಾರ್ರಿ ಮೇಡಂ.”

ಮಲಗಿದ್ದು ಬಿಟ್ಟು, ಉಂಡವರು ಯಾರೆಂದು ಕೇಳುವುದಕ್ಕೆ ಒಪ್ಪಿದರು. ಅದಕ್ಕೂ ಇಡೀ ಮಧ್ಯಾಹ್ನ ಹಿಡಿಯಿತು. ಮತ್ತೊಮ್ಮೆ ಮನೆಮನೆಗೆ ಹೋದೆವು. ಈ ಸಲ ಅವ್ವ ರೊಟ್ಟಿ ಬಡಿದದ್ದನ್ನು ನೆನೆದು, ಸಲೀಸಾಗಿ, “ನಾಲ್ಕು ಮಂದಿ,” ಎಂದಳಂತೆ.

ಲಸಿಕೆ ನಮ್ಮ ಓಣಿಯ ಶಾಲೆಗೇ ಬಂತು. ಅಕ್ಕನನ್ನು ಕರೆದುಕೊಂಡು ಹೊರಡುವಾಗ ಅವ್ವ ಅಡ್ಡ ನಿಂತಳು. “ಬೀಗರಿಗೆ ಒಂದ್ ಮಾತು ಕೇಳಬ್ಯಾಡೇನು? ನಾಳೆ ಏನರೆ ಆದ್ರ ನಮ್ಮ ಮ್ಯಾಲೆ ಬರ್ತದ.” ವೈದ್ಯರು ಆಗಲೇ ಹೂಂ ಎಂದಿದ್ದರು. ಆದರೂ ಫೋನ್ ಹಚ್ಚಿದಳು. ಅತ್ತಲಿಂದ ಅಕ್ಕನ ಅತ್ತೆಯ ಧ್ವನಿ ನಮಗೂ ಕೇಳಿಸುತ್ತಿತ್ತು: “ನಿಮ್ಮ ಮನ್ಯಾಗ ಅದಾಳ, ನೀವೇ ನೋಡ್ರಿ.” ಅವ್ವ: “ಛೇ, ನಾವ್ಯಾರ್ರಿ ಹೇಳಾಕ, ನೀವೇ ಹೇಳ್ರಿ.”

ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. “ನಡಿ. ಅವರು ಮಾತಾಡ್ಲಿ.”

ಚುಚ್ಚಿಸಿಕೊಂಡು, ನರ್ಸ್ ಕೂರಲು ಹೇಳಿದಷ್ಟು ಹೊತ್ತು ಕೂತು ಮರಳಿದಾಗ ಅವ್ವ ಹೊಸ್ತಿಲಲ್ಲೇ ಇದ್ದಳು, ಫೋನ್ ಇನ್ನೂ ಕಿವಿಗೇ ಇತ್ತು. ನಮ್ಮನ್ನು ಕಂಡು ಕೈಬೀಸಿದಳು.

“ಹೂಂ ಅಂದ್ರು. ಹೋಗಿ ಬರ್ರಿ ಇನ್ನ.”

ಅಕ್ಕ ಚುಚ್ಚಿಸಿಕೊಂಡ ತೋಳು ಹಿಡಿದುಕೊಂಡೇ ಒಳಗೆ ಹೋದಳು.