ಹಳೇ ಕೋರ್ಟು ಮತ್ತು ಹುಸೇನಬಿ ಟೀಚರ್

ಹುಸೇನಬಿ ಟೀಚರ್ ದನಿ ಎತ್ತಿದ್ದನ್ನು ಕುಷ್ಟಗಿಯಲ್ಲಿ ಯಾರೂ ಕೇಳಿರಲಿಲ್ಲ. ತರಗತಿಯಲ್ಲಿ ಗದ್ದಲ ಹೆಚ್ಚಿದಷ್ಟೂ ಅವರು ಇನ್ನಷ್ಟು ಮೆಲ್ಲಗೆ ಮಾತಾಡುತ್ತಿದ್ದರು. ಕೇಳಿಸದೆ ಮಕ್ಕಳೇ ಸುಮ್ಮನಾಗುತ್ತಿದ್ದರು. ನಿವೃತ್ತರಾದ ಮೇಲೆ ದಿನಾ ಮುಂಜಾನೆ ನಮ್ಮ ಗ್ರಂಥಾಲಯಕ್ಕೆ ಬಂದು ಪತ್ರಿಕೆಯನ್ನು ಕೊನೆಯ ಪುಟದಿಂದ ಓದುತ್ತಿದ್ದರು. “ಮೊದಲನೇ ಪುಟದಾಗ ದೊಡ್ಡ ಮಂದಿ ಇರ್ತಾರ್ರಿ. ನಮ್ಮಂಥೋರು ಹಿಂದ ಸಿಗ್ತೀವಿ,” ಎನ್ನುವರು.

ಗ್ರಂಥಾಲಯವೆಂದರೆ ಆಗ ಬಾಡಿಗೆಯ ಒಂದು ಕೋಣೆ. ಅದಕ್ಕೆ ನಾನೊಬ್ಬನೇ ಗ್ರಂಥಪಾಲಕ. ಊರ ನಡುವೆ ನಿಜಾಮರ ಕಾಲದ ಕಲ್ಲಿನ ಕೋರ್ಟು ಖಾಲಿ ಬಿದ್ದಿತ್ತು. ಅದನ್ನು ಕೆಡವಿ ಅಂಗಡಿ ಸಾಲು ಕಟ್ಟುವ ಮಾತೆದ್ದಾಗ, ನಮಗೆ ಕೊಡಿ ಎಂದು ಕಚೇರಿಗಳಿಗೆ ಅಲೆದೆ. ನನ್ನ ಜೊತೆ ಅಲೆದವರು ಟೀಚರ್ ಒಬ್ಬರೇ. ಊರಿಗೆ ಇದು ಅರ್ಥವಾಗಲಿಲ್ಲ. ಅವರು ಮೊಮ್ಮಗಳನ್ನು ಕಳೆದುಕೊಂಡದ್ದು ಅದೇ ಕೋರ್ಟಿನಲ್ಲಿ.

ಮಗಳು ಹೆರಿಗೆಯಲ್ಲಿ ತೀರಿಕೊಂಡಾಗ ಕೂಸು ಶಬಾನಾಳನ್ನು ಟೀಚರ್ ಎತ್ತಿಕೊಂಡು ಬಂದು ಸಾಕಿದ್ದರು. ಮರುಮದುವೆಯಾದ ಅಳಿಯ ಕೆಲವು ವರ್ಷಗಳ ನಂತರ ಮಗಳು ಬೇಕೆಂದು ದಾವೆ ಹೂಡಿ ಗೆದ್ದ. ಆಮೇಲೆ ಊರಿಂದೂರಿಗೆ ಹೋದವನು ಎಲ್ಲಿದ್ದಾನೆಂಬುದೇ ತಿಳಿಯದಾಯಿತು.

“ಆ ಕಟ್ಟಡ ನಿಮಗೇನು ಛಲೋ ಮಾಡೇತ್ರಿ ಟೀಚರ್?” ಎಂದು ಸಭೆಯಲ್ಲಿ ಒಬ್ಬರು ಕೇಳಿಯೇಬಿಟ್ಟರು.

“ಕಟ್ಟಡ ಏನ್ ಮಾಡೀತ್ರಿ. ಒಳಗ ಕುಂತೋರು ಮಾಡಿದ್ರು. ಇನ್ನ ಹುಡುಗೀರು ಕುಂದ್ರಲಿ, ಓದ್ಲಿ.”

ಕೊನೆಗೆ ಮಂಜೂರಾತಿ ಸಿಕ್ಕಿತು. ಕೊಳೆತ ತೊಲೆಗಳು ಬದಲಾದವು, ಗೋಡೆಗೆ ಮತ್ತೆ ಗಾರೆ ಬಿತ್ತು, ನ್ಯಾಯಾಧೀಶರು ಕೂರುತ್ತಿದ್ದ ಕಡೆ ಪುಸ್ತಕದ ಕಪಾಟುಗಳು ಬಂದವು. ಒಂದು ಮಧ್ಯಾಹ್ನ ಹೋದರೆ ಕೆಲಸ ನಿಂತಿತ್ತು. ಮುಂದಿನ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಟೀಚರ್ ನಿಂತಿದ್ದರು.

“ಕಲ್ಲು ಕರ್ರಗಾಗೇತ್ರಿ. ಟೈಲ್ಸ್ ಹಚ್ಚಿದ್ರ ಚಂದ ಕಾಣ್ತೈತಿ. ಇವರು ಬಿಡವಲ್ರು,” ಎಂದ ಗುತ್ತಿಗೆದಾರ.

“ಒಳಗ ಏನರ ಮಾಡ್ರಿ,” ಎಂದರು ಟೀಚರ್. “ಈ ಕಂಬ ಮುಚ್ಚಬ್ಯಾಡ್ರಿ. ತೀರ್ಪು ಆದ ದಿನ ನಮ್ಮ ಶಬಾನಾ ಇದನ್ನ ತಬ್ಕೊಂಡು ನಿಂತಿದ್ಲು. ಬಿಡವಲ್ಲಳು. ಕೋರ್ಟಿನ ಮಾತು ಕೇಳಬೇಕವ್ವ ಅಂತ ಹೇಳಿ ಆಕಿ ಕೈ ಬಿಡಿಸಿದಾಕಿ ನಾನ. ಭಾಳ ಸಣ್ಣಾಕಿ. ನನ್ನ ಮನಿ ದಾರಿ ಮರ್ತಿರಬಹುದು, ಇದನ್ನ ಮರ್ತಿರಂಗಿಲ್ಲ. ಹುಡುಕ್ಕೊಂಡು ಬಂದ್ರ ಗುರ್ತು ಸಿಗಬೇಕಲ್ರಿ.”

ಆ ಟೈಲ್ಸ್ ಹಿತ್ತಲಿನ ಶೌಚಾಲಯಕ್ಕೆ ಹೋದವು.

ಗ್ರಂಥಾಲಯ ತೆರೆದ ಮೇಲೆ ಅವರಿಗೆ ನೆಮ್ಮದಿಯಾದೀತು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಪಡಸಾಲೆಯ ಬೆಂಚಿನ ಮೇಲೆ ಕುಳಿತು, ಪತ್ರಿಕೆ ಬಿಚ್ಚದೆ, ಬರುವ ಹುಡುಗಿಯರ ಮುಖಗಳನ್ನೇ ನೋಡುತ್ತಿದ್ದರು. ಒಮ್ಮೆ ಪರೀಕ್ಷೆಗೆ ಓದಲು ಬಂದ ಪರವೂರ ಹುಡುಗಿಯೊಬ್ಬಳ ಗದ್ದ ಹಿಡಿದೆತ್ತಿ ಬಹಳ ಹೊತ್ತು ನೋಡಿದರು. ಅವಳು ಹೆದರಿ ಹೊರಟುಹೋದಳು. ಮರುದಿನ ಅವಳಪ್ಪ ಬಂದು ನನ್ನನ್ನು ದಬಾಯಿಸಿದ.

“ಟೀಚರ್, ಹುಡುಗೀರು ಅಂಜ್ತಾರ್ರಿ,” ಎಂದೆ.

“ಹೌದ್ರಿ, ಅಂಜ್ತಾರ. ಇನ್ನ ಯಾರನ್ನೂ ಮುಟ್ಟಂಗಿಲ್ಲ.”

ಅಂದಿನಿಂದ ಅವರು ಒಳಗೆ, ಬಾಗಿಲಿಗೆ ಬೆನ್ನು ಮಾಡಿ ಕುಳಿತರು. ಆ ಬೆನ್ನನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಆಮೇಲೆ ಕಾಯಿಲೆ ಬಿದ್ದರು. ನೋಡಲು ಮನೆಗೆ ಹೋದೆ. ಹಾಸಿಗೆಯಿಂದಲೇ, “ಯಾರರ ಬಂದಿದ್ರೇನ್ರಿ?” ಎಂದರು. ಯಾರೋ ಒಬ್ಬಳು ಬಂದು ವಿಚಾರಿಸಿ ಹೋದಳು ಎನ್ನಲು ನಾಲಿಗೆಯ ತುದಿಗೆ ಬಂದಿತ್ತು. ನನ್ನ ಮುಖ ನೋಡಿ ಅವರೇ ತಡೆದರು.

“ಸುಳ್ಳು ಹೇಳಬ್ಯಾಡ್ರಿ. ಬಂದು ಹೋದ್ಲು ಅಂದ್ರ ನನಗ ಇನ್ನೇನು ಉಳೀತೈತಿ? ಬಂದಿಲ್ಲ ಅಂದ್ರ, ಬರೋದು ಇನ್ನ ಐತಿ.”

“ಬಂದಿಲ್ರಿ,” ಎಂದೆ.

ಅವರು ತಲೆಯಾಡಿಸಿ, ನನಗೆ ಚಹಾ ಮಾಡಿಕೊಡಲು ಪಕ್ಕದ ಮನೆಯಾಕೆಯನ್ನು ಕರೆದರು. ಅದೇ ವಾರ ತೀರಿಕೊಂಡರು.